ಬೆರಳಿನ ಬಿಸಿ

ಮಗಳೇ,

ಸಂಜೆ ಬಂದೊಡನೆ, ಹಾಡಿನ ಅಂಕಿಗಳನ್ನು ದನಿಯಾಗಿಸುವ ನಮ್ಮ ಡ್ಯಾಕ್ ಪೆಟ್ಟಿಗೆಯ ಬೋರ್ಡನ್ನು ಕಿತ್ತೆಸೆದು ಅಂಗಡಿಯ ಸಿದ್ಧ ಚಿಪ್ಪನ್ನೇ ಕೂರಿಸುವೆನೆಂದು ಹೇಳಿ ಹೋಗಿದ್ದೀಯೆ. ದಯವಿಟ್ಟು ಕೀಳಬೇಡ. ಮೊದಲು ಇದನ್ನು ಓದು.

ಡ್ಯಾಕಿನಿಂದ ಹೊರಡುವ ಕರೆಂಟನ್ನು ವೋಲ್ಟೇಜಾಗಿಸಲು ನೀನು ಬರೆದ ನಕ್ಷೆಯಲ್ಲಿ ತಪ್ಪಿಲ್ಲ. ಕೊನೆಯಲ್ಲಿ ಸೊನ್ನೆ ಇರಬೇಕಾದ ಕಡೆ ಅರ್ಧ ವೋಲ್ಟ್ ನಿಲ್ಲುತ್ತಿರುವುದು ನನ್ನಿಂದ. ಒಂದೇ ಗುಣದ ಟ್ರಾನ್ಸಿಸ್ಟರುಗಳನ್ನು ಆರಿಸಿ ಜೋಡಿ ಮಾಡಿಕೊಟ್ಟವನು ನಾನಲ್ಲವೇ? ನಲವತ್ತನ್ನೂ ಬೆರಳಲ್ಲಿ ಹಿಡಿದೇ ಅಳೆದಿದ್ದೆ. ಇಂದು ಬೆಳಿಗ್ಗೆ ಒಂದನ್ನು ಮೇಜಿನ ಮೇಲೆ ಬಿಟ್ಟು ನೋಡಿದರೆ ಮೀಟರಿನ ಅಂಕಿ ಮೆಲ್ಲಗೆ ಏರಿತು, ಮುಟ್ಟಿದೊಡನೆ ಬೆರಳಿನ ಬಿಸಿಗೆ ಇಳಿಯಿತು. ಹಾಗಾದರೆ ನನ್ನ ಜೋಡಿಗಳೆಲ್ಲ ತಪ್ಪು. “ನಿಮ್ ಕೈ ಬಿಸಿ, ತಲೆ ಅದಕ್ಕಿಂತ ಬಿಸಿ” ಎಂದಳು ನಿನ್ನ ಅಮ್ಮ. ಎಂಟು ದಿನ ನೆಲವೇ ಡೊಂಕೆಂದು ನಿನ್ನ ಮೇಲೆ ಹಾರಾಡಿದವನು ಈ ಕಾಗದ ಬರೆಯಲು ಕೂತೆ.

ಹೆಡ್‌ಫೋನ್ ಸಿಕ್ಕಿಸಬೇಡ, ಸುಟ್ಟೀತು. ಟ್ರಾನ್ಸಿಸ್ಟರನ್ನು ಚಿಮಟದಿಂದಲೇ ಎತ್ತು. ಫ್ಯಾನ್ ಆರಿಸಿ, ಅಂಕಿ ನಿಲ್ಲುವವರೆಗೂ ಕಾಯಿ. ನನ್ನ ಹಳೆಯ ಅಳತೆಯ ಪಟ್ಟಿಯನ್ನು ನಂಬಬೇಡ. ಅದರಲ್ಲಿ ಅಕ್ಷರವೊಂದೇ ಚೆನ್ನಾಗಿದೆ. ಊಟ ಮುಚ್ಚಿಟ್ಟಿದೆ, ಅದನ್ನು ಬೇಕಾದರೆ ಬಿಸಿ ಮಾಡಿಕೊ.

ನೀನು ಹೊರಡುವ ಮೊದಲೇ ಇದನ್ನು ಎದುರು ನಿಂತು ಹೇಳಬೇಕೆಂದು ಎರಡು ಸಲ ನಿನ್ನ ಕೋಣೆಯ ಬಾಗಿಲಿನವರೆಗೆ ಬಂದೆ, ಆಗಲಿಲ್ಲ. ಕಣ್ಣು ದಣಿದಿದೆ, ಮಾತೂ ದಣಿದಿದೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ತೋರಿಸಿಕೊಂಡು ಏಳಕ್ಕೆ ಬರುತ್ತೇನೆ. ಮೇಜಿನ ಬಳಿ ಎರಡನೆಯ ಕುರ್ಚಿ ಎಳೆದಿಟ್ಟಿರು. ಇನ್ನು ಮುಂದೆ ಅಳೆಯುವವಳು ನೀನು. ನೀನು ಹೇಳಿದ ಅಂಕಿಯನ್ನು ಬರೆದುಕೊಳ್ಳುವವನು ನಾನು.

ಅಪ್ಪ