ಅತ್ತೆಯ ಉಸಿರು, ನನ್ನ ರಕ್ತ

ವಿಕ್ಟೋರಿಯಾ ಸರೋವರದ ದಡ, ಕೀನ್ಯಾ
2191ನೇ ಇಸವಿ, ನೀರಿಳಿದ ತಿಂಗಳ ಮೂವತ್ತನಾಲ್ಕನೇ ತಾರೀಖು (ನಮ್ಮ ಹೊಸ ಪಂಚಾಂಗ)

ನನ್ನ ಮುತ್ತಜ್ಜಿಯ ಮುತ್ತಜ್ಜಿ ಅವುವೊರ್ ಅವರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತು ಕಲಿಸುವವರು ಇಲ್ಲಿ ಯಾರೂ ಉಳಿದಿಲ್ಲ.

ನಮ್ಮಲ್ಲಿ ಪ್ರತಿ ಮನೆಯ ಹೊಸ್ತಿಲಲ್ಲೂ ಒಂದು ಉಸಿರುಗಂಬವಿದೆ. ಊದಿದರೆ ಮೈಯಲ್ಲಿರುವ ರೋಗವನ್ನು ಹೇಳುತ್ತದೆ. ಹಸಿರು ದೀಪ ಹತ್ತಿದರೆ ಕ್ಷೇಮ. ಬೆಳಿಗ್ಗೆ ಗಂಜಿ ಕುಡಿಯುವ ಮೊದಲು, ಮೀನು ಒಣಹಾಕುವ ಮೊದಲು ಊದುವುದಾಗಬೇಕು. ಆದರೆ ಎಲ್ಲರೂ ಊದುವುದಿಲ್ಲ. ಹಿರಿಯರೊಬ್ಬರು ಎಲ್ಲರ ಪರವಾಗಿ ಊದುತ್ತಾರೆ. ಇದಕ್ಕೆ ಮನೆಯುಸಿರು ಎನ್ನುತ್ತೇವೆ. ಕಂಬ ಮಾಡಿದವರು ಹಾಗೆ ಹೇಳಿರಲಿಲ್ಲವಂತೆ, ಮರ್ಯಾದೆಯ ಹೆಸರಿನಲ್ಲಿ ನಾವೇ ರೂಢಿ ಮಾಡಿಕೊಂಡೆವು. ನಮ್ಮ ಮನೆಯಲ್ಲಿ ಅತ್ತೆ ಊದುತ್ತಾರೆ. ಹಸಿರು ಬರುತ್ತದೆ. ಬಾರದೆ ಏನು? ಅವರು ಮನೆ ಬಿಟ್ಟು ಎಲ್ಲಿಗೆ ಹೋಗುತ್ತಾರೆ?

ಎಚ್‌ಐವಿ ಎಂದೋ ಅಳಿದುಹೋಯಿತು ಎನ್ನುತ್ತಾರೆ. ನಾನು ನಂಬುವುದಿಲ್ಲ. ಪಕ್ಕದ ಮನೆಯ ಅಪಿಯೊ ಹಸಿರು ದೀಪದ ಕೆಳಗೇ ಸೊರಗಿ ಸತ್ತಳು. ನನ್ನ ಗಂಡ ಒವಿನೊ ಮೀನು ಹಿಡಿಯಲು ಹೋಗಿ ತಿಂಗಳುಗಟ್ಟಲೆ ಸರೋವರದ ದೋಣಿಮನೆಗಳಲ್ಲಿರುತ್ತಾನೆ. ಬಂದಾಗ ನನ್ನ ಮುಖ ನೋಡದೆ ಉಣ್ಣುತ್ತಾನೆ. ನಾನೀಗ ಬಸುರಿ, ಜ್ವರ ಬಿಡುತ್ತಿಲ್ಲ. ನಾನೂ ಒಮ್ಮೆ ಊದಲೇ ಎಂದರೆ ಅತ್ತೆ, "ನನ್ನ ಉಸಿರಿನ ಮೇಲೇ ಅನುಮಾನವೇನೇ ನಿಂಗೆ?" ಎಂದು ಕಂಬಕ್ಕೆ ಅಡ್ಡ ನಿಂತರು. ಅನುಮಾನ ಅವರ ಮೇಲಲ್ಲ, ಅವರ ಮಗನ ಮೇಲೆ. ಅದು ಅವರಿಗೂ ಗೊತ್ತಿದೆ ಎಂದೇ ನನ್ನ ಗುಮಾನಿ.

ಅದಕ್ಕೇ ನೀವು ನೆನಪಾದಿರಿ. ನಿಮ್ಮ ಗಂಡ ಪರೀಕ್ಷೆ ಮಾಡಿಸಿಕೊಂಡು ಬಂದು, "ನನ್ನ ರಕ್ತ ಸರಿಯಿದೆ, ಅಂದ್ಮೇಲೆ ನಿಂದೂ ಸರೀನೇ" ಎಂದರಂತೆ. ನೀವು, "ನೀನುಂಡ್ರೆ ನನ್ನ ಹೊಟ್ಟೆ ತುಂಬುತ್ತಾ?" ಎಂದು ಕೇಳಿ, ಬಸುರಿ ಹೆಂಗಸು ಒಬ್ಬರೇ ದಡದ ಪರೀಕ್ಷೆಯ ಗುಡಾರಕ್ಕೆ ನಡೆದಿರಂತೆ. ನಿಮ್ಮ ರಕ್ತದಲ್ಲಿ ಸೋಂಕು ಇತ್ತು. ಮಾತ್ರೆ ನುಂಗಿದಿರಿ, ಮಗು ಸೋಂಕಿಲ್ಲದೆ ಹುಟ್ಟಿತು, ಆ ಮಗುವಿನಿಂದ ನಾವೆಲ್ಲ. ನನ್ನ ತವರಿನ ಹೆಂಗಸರು ಮೀನು ಸೀಳುತ್ತಾ ಈ ಕಥೆ ಹೇಳುತ್ತಾರೆ. ಹೇಳಿ, ಮರುದಿನ ಮತ್ತೆ ಹಿರಿಯರಿಂದಲೇ ಊದಿಸುತ್ತಾರೆ.

ಆ ಗುಡಾರದ ಸಮಾಲೋಚಕಿ ಸೂಜಿ ಚುಚ್ಚುವ ಮೊದಲು, "ಏನೇ ಬಂದ್ರೂ ನಿಮ್ಮ ಜೊತೆ ಯಾರಿರ್ತಾರಮ್ಮ?" ಎಂದು ಕೇಳಿದರಂತೆ. ಕಂಬ ಏನನ್ನೂ ಕೇಳುವುದಿಲ್ಲ. ಕೆಂಪು ಹತ್ತಿದರೆ ಬೀದಿಗೆಲ್ಲ ಕಾಣುತ್ತದೆ, ಅಷ್ಟೇ. ನನಗೆ ಭಯವಾಗುತ್ತಿದೆ. ಆದರೂ ನಾಳೆ ಅತ್ತೆ ಏಳುವ ಮೊದಲು ನಾನೇ ಊದುತ್ತೇನೆ.

ಒಂದು ಬೇಡಿಕೆ. ಯಾರೂ ಕೇಳದಿದ್ದರೂ, ಜೊತೆ ಯಾರಿರುತ್ತಾರೆ ಎಂಬ ಆ ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳಿಯೇ ನಾನು ಊದುವವಳು. ನಿಮ್ಮ ಹೆಸರು ಹೇಳುತ್ತೇನೆ. ಬೇಡವೆನ್ನಬೇಡಿ.

ನಿಮ್ಮ
ಅಜ್ವಾಂಗ್