ಕಿಟಕಿ ಮುಚ್ಚಬೇಕು

ಶನಿವಾರ, ಮಧ್ಯಾಹ್ನ

ನನ್ನ ಯಾಕಮ್ಮನಿಗೆ,

ಕೋಪದಲ್ಲಿ ಬರೆಯುತ್ತಿದ್ದೇನೆ. ಆದರೂ ‘ನನ್ನ’ ಎಂಬ ಮಾತನ್ನು ಹೊಡೆದುಹಾಕಲು ಕೈ ಬರಲಿಲ್ಲ. ನಿನ್ನೆಯಿಂದ ಮತ್ತೆ ಮತ್ತೆ ಫೋನ್ ಮಾಡಿದೆ. ಪ್ರತಿ ಸಲವೂ ನಿಮ್ಮಮ್ಮ ಎತ್ತಿ, “ಮಲಗಿದ್ದಾಳಮ್ಮ” ಅಂದರು. ಅಷ್ಟು ನಿದ್ದೆ ನಿನಗೆ ಹುಟ್ಟಿದಾಗಿನಿಂದ ಬಂದದ್ದಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ, ಗಂಟೆ ಒತ್ತುವುದಿಲ್ಲ.

ಸೋಮವಾರ ಬೆಳಿಗ್ಗೆ ಕೊನೆಯ ವಿಚಾರಣೆ. ನಾನು ನಿನ್ನ ಉತ್ತರ ನೋಡಿ ಬರೆದೆ ಎಂದು ತೀರ್ಮಾನವಾದರೆ ನನ್ನ ಇಡೀ ಪರೀಕ್ಷೆ ರದ್ದು, ಇನ್ನೆರಡು ವರ್ಷ ಕೂರುವಂತೆಯೇ ಇಲ್ಲ. ಅಮ್ಮನಿಗೆ ಹೇಳಿದ್ದೇನೆ. ಬಸ್ ನಿಲ್ದಾಣದ ಮೈಕಿನಲ್ಲಿ ಇಡೀ ದಿನದ ಬಸ್ಸುಗಳನ್ನು ಚೀಟಿ ನೋಡದೆ ಕೂಗುವವಳು ನಿನ್ನೆ ಎರಡು ಬಸ್ಸುಗಳನ್ನು ಅದಲುಬದಲು ಮಾಡಿದಳಂತೆ. ಜನ ಬೈದರಂತೆ. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ, “ಬಾಯಿಪಾಠ ನಮ್ಮನೆ ಆಸ್ತಿ ಅನ್ಕೊಂಡಿದ್ನಲ್ಲೇ” ಅಂದಳು.

ನಾನು ಉರು ಹೊಡೆಯುವವಳು, ಒಪ್ಪಿದೆ. ನನಗೆ ಗಿಳಿ ಎಂದು ಹೆಸರಿಟ್ಟವಳೇ ನೀನು, ನಿನಗೆ ಯಾಕಮ್ಮ ಎಂದಿಟ್ಟವಳು ನಾನು. “ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋಳು ಕಣೇ ನೀನು” ಎಂದು ಎಷ್ಟು ಸಲ ನಕ್ಕಿದ್ದೀಯೆ! ನೀನೋ, ಎತ್ತು ಹೇಗೆ ಈಯಿತು, ಯಾಕೆ ಈಯಿತು ಎಂದು ತಿಳಿಯದೆ ಊಟಕ್ಕೂ ಏಳುವವಳಲ್ಲ. ಅರ್ಥವಾಗುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಹೇಳಿ ಬರೆಸಿದ್ದು ಅವರ ದನಿಯಲ್ಲೇ ನನ್ನ ತಲೆಯಲ್ಲಿ ಕೂರುತ್ತದೆ, ಕೆಮ್ಮಿನ ಸಮೇತ. ಪರೀಕ್ಷೆಯಲ್ಲಿ ಆ ದನಿಯನ್ನು ಬಿಟ್ಟರೆ ಸಾಕು, ಕೈ ತಾನಾಗಿ ಓಡುತ್ತದೆ.

ಆ ಪ್ರಶ್ನೆಗೂ ಹಾಗೆಯೇ ಓಡಿತು. ಲೋಹದ ತುಂಡಿನ ವಿಶಿಷ್ಟ ಉಷ್ಣ ಕಂಡುಹಿಡಿಯುವ ಪ್ರಯೋಗ. ‘ಕುದಿಯುವ ನೀರಿನಲ್ಲಿ ಕಾದ ತುಂಡನ್ನು ತಡಮಾಡದೆ ತಣ್ಣೀರಿನ ಪಾತ್ರೆಗೆ ಹಾಕಬೇಕು. ಕಿಟಕಿ ಮುಚ್ಚಬೇಕು. ನೀರನ್ನು ಮೆಲ್ಲಗೆ ಕಲಕುತ್ತಾ ಉಷ್ಣತೆಯನ್ನು ಗುರುತಿಸಬೇಕು.’ ಆ ನಡುವಿನ ಸಾಲು ಯಾವ ಪುಸ್ತಕದಲ್ಲೂ ಇಲ್ಲವಂತೆ. ಇರುವುದು ಎರಡೇ ಉತ್ತರಪತ್ರಿಕೆಗಳಲ್ಲಿ, ನಿನ್ನದರಲ್ಲಿ ಮತ್ತು ನಿನ್ನ ಪಕ್ಕದ ಸಾಲಿನಲ್ಲಿ ಕೂತಿದ್ದ ನನ್ನದರಲ್ಲಿ.

ಗುರುವಾರ ವಿಚಾರಣೆಯ ಮೂವರ ಮುಂದೆ ಏನು ನಡೆಯಿತೆಂದು ನಿನಗೂ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿ ಯಾಕಮ್ಮ ಮುಚ್ಚಬೇಕು ಎಂದು ಮೊದಲು ನನ್ನನ್ನು ಕೇಳಿದರು. “ಮೇಷ್ಟ್ರು ಹೇಳಿದ್ರು ಸಾರ್” ಅಂದೆ. ನಕ್ಕರು. ಆಮೇಲೆ ನಿನ್ನನ್ನು ಕೇಳಿದರು. “ಗಾಳಿ ಬೀಸಿದ್ರೆ ತುಂಡು ದಾರೀಲೇ ಆರುತ್ತೆ ಸಾರ್, ನೀರಿಗೆ ಸೇರಬೇಕಾದ ಶಾಖ ಗಾಳಿಗೆ ಹೋಗುತ್ತೆ, ಲೆಕ್ಕ ತಪ್ಪುತ್ತೆ” ಎಂದು ಅರಳು ಹುರಿದಂತೆ ಹೇಳಿದೆ. ಕನ್ನಡಕದ ಮೇಡಂ ತಲೆದೂಗಿದರು. “ಕಾರಣ ಗೊತ್ತಿರೋಳು ತಾನಾಗಿ ಬರೆದೋಳು, ಗೊತ್ತಿಲ್ಲದೋಳು ನೋಡಿ ಬರೆದೋಳು. ಅಷ್ಟೇ ಅಲ್ವಾ?” ಅಂದರು. ನೀನು ‘ಇಲ್ಲ ಮೇಡಂ’ ಅನ್ನುತ್ತೀಯೆ ಎಂದು ಕಾದೆ. ನೀನೋ, ಮೇಜಿನ ಕಾಲು ನೋಡುತ್ತಾ ನಿಂತೆ. ಆಗ ನಿನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಹೊರಗೆ ಬಂದು ಮೇಷ್ಟ್ರನ್ನು ಹಿಡಿದೆ. ಅವರು ಸುಳ್ಳು ಹೇಳುವವರಲ್ಲ, ಅವರಿಗೆ ನಿಜವಾಗಿಯೂ ನೆನಪಿಲ್ಲ. “ಆ ಪ್ರಯೋಗಕ್ಕೂ ಕಿಟಕಿಗೂ ಎಲ್ಲಿಯ ನಂಟಮ್ಮ? ನಾನ್ಯಾಕೆ ಹಾಗೆ ಬರೆಸ್ಲಿ?” ಅಂದರು. ಮನೆಗೆ ಬಂದವಳೇ ಕಣ್ಣು ಮುಚ್ಚಿ ಅವರ ದನಿಯನ್ನು ಮತ್ತೆ ಮೊದಲಿಂದ ಬಿಟ್ಟೆ. ಕಾದ ತುಂಡು, ತಣ್ಣೀರು. ಆಗ ಕೇಳಿಸಿತು. ಹೊರಗೆ ಒಂದು ಲಾರಿ ಹಿಮ್ಮುಖವಾಗಿ ಬರುತ್ತಾ ಅರಚಿಕೊಳ್ಳುತ್ತಿದೆ. ಮೇಷ್ಟ್ರ ದನಿ ನಮ್ಮಿಂದ ಆಚೆಗೆ ತಿರುಗಿದೆ. ಕಿಟಕಿ ಮುಚ್ಚಬೇಕು ಅಂದರು, ಯಾರೋ ಎದ್ದು ಹೋಗಿ ಮುಚ್ಚಿದರು. ಅದು ಪಾಠವೇ ಅಲ್ಲ ಕಣೇ, ಲಾರಿಯ ಗಲಾಟೆಗೆ ಹೇಳಿದ ಮಾತು! ತರಗತಿಯಲ್ಲಿದ್ದ ಅಷ್ಟೂ ಜನ ಅದನ್ನು ಬಿಟ್ಟರು, ನಾನೊಬ್ಬಳು ಬರೆದುಕೊಂಡೆ. ನಗು ಬಂತು. ನಗುನಗುತ್ತಲೇ ಅಳುವೂ ಬಂತು.

ಆ ಲಾರಿಯ ಗಲಾಟೆಗೆ ನೀನು ಒಂದು ಶಾಸ್ತ್ರವನ್ನೇ ಕಟ್ಟಿಬಿಟ್ಟೆ. ಅದಾದರೂ ಸುಳ್ಳಿರಲಿ ಎಂದು ಇವತ್ತು ಎರಡು ಲೋಟ ಬಿಸಿನೀರು ತೆಗೆದುಕೊಂಡು, ಒಂದನ್ನು ಕಿಟಕಿಯ ಗಾಳಿಗೆ, ಇನ್ನೊಂದನ್ನು ಬೀರುವಿನೊಳಗೆ ಇಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಬೆರಳಿಟ್ಟರೆ ಕಿಟಕಿಯದು ಆರಿತ್ತು, ಬೀರುವಿನದು ಇನ್ನೂ ಸುಡುತ್ತಿತ್ತು. ನಿನ್ನ ಕಾರಣ ನಿಜ. ಯಾರೂ ಹೇಳಿಕೊಡದೆ ಒಂದು ವಿಷಯ ನನಗೆ ಅರ್ಥವಾಯಿತು, ಅದೂ ನನ್ನನ್ನು ಕಳ್ಳಿ ಮಾಡಿದ ವಿಷಯ. ಎಷ್ಟು ಉರಿಯಿತು ಗೊತ್ತಾ?

ಸುಳ್ಳು ಹೇಳು ಅನ್ನುತ್ತಿಲ್ಲ. ನನ್ನ ಪರವಾಗಿ ಬೇಡಿಕೊಳ್ಳುವುದೂ ಬೇಡ. ಸೋಮವಾರ ಬಂದು, ಆ ಸಾಲನ್ನು ಎಲ್ಲಿ ಕಲಿತೆ, ಯಾರ ಬಾಯಿಂದ ಕಲಿತೆ ಎಂದು ಹೇಳು, ಅಷ್ಟೇ ಸಾಕು. ಪರೀಕ್ಷೆಗೆ ಮುಂಚಿನ ಆ ಸಂಜೆ ನೆನಪಿದೆಯಲ್ಲ, ನಿಮ್ಮ ಮನೆಯ ಮೆಟ್ಟಿಲು. ನೀನು ಕಂಬಳಿ ಹೊದ್ದು ಗೋಡೆಗೆ ಒರಗಿದ್ದೆ. ನಾನು ಮೇಷ್ಟ್ರು ಬರೆಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ನೀನು ತಡೆದು, “ಕಿಟಕಿ ಯಾಕೆ?” ಅಂದೆ. “ನಂಗೇನು ಗೊತ್ತು, ಹೇಳಿದ್ದು ಬರ್ಕೋ” ಅಂದೆ ನಾನು. ನೀನು ಸ್ವಲ್ಪ ಹೊತ್ತು ಮೇಲೆ ನೋಡಿ, “ಓ, ಗಾಳಿಗೆ!” ಎಂದು ಕಂಬಳಿ ಕೊಡವಿ ಎದ್ದು ಕೂತೆ. ಆ ಖುಷಿಯ ಮುಖ ಈಗಲೂ ಕಣ್ಣಮುಂದಿದೆ. ಅದಕ್ಕೇ ನೀನು ಬೇಕೆಂದು ಮಾಡಿದೆ ಎಂದು ನಂಬಲು ಆಗುತ್ತಿಲ್ಲ. ನೀನು ಹೆದರಿದೆ, ಅಷ್ಟೇ. ಹೆದರಿಕೆ ನನಗೂ ಇದೆ.

ಇನ್ನೂ ನಿನ್ನವಳೇ ಆದ,
ಗಿಳಿ

ತಾ. ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಮೇಷ್ಟ್ರು ಆ ಉತ್ತರ ಬರೆಸಿದ ದಿನ ನಿನಗೆ ಜ್ವರ, ನೀನು ತರಗತಿಗೆ ಬಂದೇ ಇರಲಿಲ್ಲ. ಆ ಮೂವರಿಗೆ ಇದು ಗೊತ್ತಿಲ್ಲ. ನಾನು ಬಾಯಿ ಬಿಟ್ಟರೆ ನೋಡಿ ಬರೆದವಳು ನೀನಾಗುತ್ತೀಯೆ, ನಾನು ಉಳಿಯುತ್ತೇನೆ. ನೀನೇ ಹೇಳಿದರೆ ಇಬ್ಬರೂ ಉಳಿಯುತ್ತೇವೆ. ಸೋಮವಾರ ನೀನು ಬಾರದೆ ಹೋದರೆ, ಅವರು ಕೇಳಿದಾಗ ನಾನು ಏನು ಹೇಳುತ್ತೇನೋ ನನಗೇ ತಿಳಿಯದು. ಬದುಕಿನಲ್ಲಿ ಮೊದಲ ಸಲ, ಉತ್ತರವನ್ನು ಉರು ಹೊಡೆಯದೆ ಹೋಗುತ್ತಿದ್ದೇನೆ.