ದಿನಕ್ಕೊಬ್ಬರೇ ಅತಿಥಿ

ನೈಮೆಗನ್, ನೆದರ್ಲೆಂಡ್ಸ್, ೨೦ ಫೆಬ್ರವರಿ ೨೦೨೧

ಪ್ರೇಮಕ್ಕನಿಗೆ,

ಎದುರು ಮನೆಗೇ ಪತ್ರ ಬರೆಯುತ್ತಿದ್ದೇನೆ. ಮುಖ ನೋಡಿ ಮಾತಾಡಿದರೆ ಜಗಳವಾದೀತು.

ಮನೆಗೆ ದಿನಕ್ಕೊಬ್ಬರೇ ಅತಿಥಿ ಎಂಬ ಲಾಕ್‌ಡೌನ್ ನಿಯಮ ಬಂದಾಗಿನಿಂದ ನಮ್ಮಲ್ಲಿ ಆ ಒಬ್ಬ ನಿಶ್ಮಿತಾಳ ಬಾಯ್‌ಫ್ರೆಂಡ್ ಅವಿನ್ ಆಗಿದ್ದ. ನನ್ನ ಹದಿನಾರರ ಮಗಳ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದೆ. ಆಮೇಲೆ ಅವಳಿಗೆ ಕ್ರೋಶಾ ಕಲಿಸುವ ನೆಪದಲ್ಲಿ ನೀವು ಬೆಳಿಗ್ಗೆ ಒಂಬತ್ತಕ್ಕೇ ಬರತೊಡಗಿದಿರಿ. ಹನ್ನೊಂದು ದಿನ! ನಾನು ಒಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದಿರಿ. ಮಗಳನ್ನು ನನ್ನಿಂದ ಕಸಿಯುತ್ತಿದ್ದೀರಿ ಎಂದು ಹೊಟ್ಟೆ ಉರಿಯುತ್ತಿತ್ತು. ಮಧ್ಯಾಹ್ನ ಅವಿನ್ ಬಂದರೆ, "ಸಾರಿ ಮಾರಾಯ, ಇವತ್ತು ಪ್ರೇಮಕ್ಕ ಬಂದಾಯ್ತು, ನಾಳೆ ಬಾ" ಎಂದು ನಾನೇ ಬಾಗಿಲಿನಿಂದ ಕಳಿಸುತ್ತಿದ್ದೆ.

ನಿನ್ನೆ ನಿಶ್ಮಿತಾ ಅವನಿಗೆ "ಇನ್ನು ಬರಬೇಡ" ಎಂದು ಮೆಸೇಜ್ ಕಳಿಸಿ, ಅವನು ತಿರುಚಿದ್ದ ತೋಳನ್ನು ನನಗೆ ತೋರಿಸಿದಳು. ಸೈಕಲ್ಲಿನಿಂದ ಬಿದ್ದೆ ಎಂದಿದ್ದಳು ನನ್ನ ಹತ್ತಿರ. ನಿಮಗೆ ಮೊದಲೇ ನಿಜ ಹೇಳಿದ್ದಳಂತೆ. ಅವನಿಗೆ ಜಾಗ ಸಿಗದಿರಲೆಂದೇ ನೀವು ಬರುತ್ತಿದ್ದಿರಂತೆ.

ಥ್ಯಾಂಕ್ಸ್ ಹೇಳಬೇಕು, ಗೊತ್ತು. ಹೊಟ್ಟೆಕಿಚ್ಚು ಆರಿದ ಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ತಿಳಿಸಿ: ನೀವು ಅವಳನ್ನು ಏನೆಂದು ಕೇಳಿದಿರಿ? ನಾನೂ ಕೇಳಿದ್ದೆನಲ್ಲ.

ನಿಮ್ಮ ಕ್ರೋಶಾ ಕಡ್ಡಿ ಇಲ್ಲೇ ಉಳಿದಿದೆ. ಆದರೆ ನಾಳೆ ಬರಬೇಡಿ. ಅವನು ಬಂದೇ ಬರುತ್ತಾನೆ. ಅತಿಥಿಯ ಜಾಗ ಖಾಲಿ ಇರುವಾಗಲೇ, ನಿಯಮದ ಹೆಸರೆತ್ತದೆ, ಅವನಿಗೆ ನಾನು "ಬೇಡ" ಎನ್ನಬೇಕು. ಮಗಳು ಹಿಂದೆ ನಿಂತು ಕೇಳಿಸಿಕೊಳ್ಳಬೇಕು.

ಎದುರು ಮನೆಯ,
ವಾರಿಜಾ